ಒಗ್ಗರಣೆಯಿಲ್ಲದ ಕಾರುಗಳು

ನಮ್ಮ ಊರಿನಲ್ಲಿ ಕಾರು ಕೊಳ್ಳುವುದು ಒಂದು ಬಗೆಯ ದಾನ. ಕೊಂಡವನು ಅದನ್ನು ಮೊದಲ ಅಮಾವಾಸ್ಯೆಯವರೆಗೆ ಓಡಿಸಬಹುದು. ಪಾಡ್ಯದ ಬೆಳಗಾಯಿತೆಂದರೆ ಅವನ ಕೀಲಿ ಅವನ ಕಾರನ್ನು ತೆರೆಯುವುದಿಲ್ಲ. ಊರಿನ ಬೇರೆ ಯಾರದೋ ಕಾರನ್ನು ತೆರೆಯುತ್ತದೆ. ಅವನ ಕಾರನ್ನು ಮತ್ತಾರದೋ ಕೀಲಿ ತೆರೆಯುತ್ತದೆ. ಮುಂದಿನ ಅಮಾವಾಸ್ಯೆಯವರೆಗೆ ಅದೇ ಗತಿ. ನಕಲು ಕೀಲಿ ಮಾಡಿಸಿ ನೋಡಿದವರುಂಟು. ನಕಲೂ ಅಸಲಿನ ಹಿಂದೆಯೇ ಹೋಗುತ್ತದೆ. ಬೀಗವನ್ನೇ ಬದಲಿಸಿದವರುಂಟು, ಬೀಗದ ದುಡ್ಡು ಹೋಯಿತು. ಮನೆಯ ಬಾಗಿಲು, ಕಬ್ಬಿಣದ ಬೀರು, ಸೈಕಲ್ಲು, ಸ್ಕೂಟರು, ಇವುಗಳ ಬೀಗಗಳೆಲ್ಲ ಸಂಸಾರಸ್ಥರಂತೆ ತಮ್ಮ ತಮ್ಮ ಕೀಲಿಗೆ ನಿಷ್ಠೆಯಿಂದಿವೆ. ಕಾರಿನವು ಮಾತ್ರ ಹೀಗೆ. ಏಕೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನಾವು ಕೇಳುವುದಿಲ್ಲ. ಕೇಳಿದ್ದರಿಂದ ಯಾರ ಕಾರೂ ಮರಳಿ ಬಂದ ಉದಾಹರಣೆಯಿಲ್ಲ.

ಊರು ಇದಕ್ಕೆ ಹೊಂದಿಕೊಂಡಿದೆ. ಅಮಾವಾಸ್ಯೆಯ ಸಂಜೆ ಎಲ್ಲರೂ ತಮ್ಮ ಬಳಿಯಿರುವ ಕಾರನ್ನು ತೊಳೆದು, ಹಳೆಯ ಹೆಂಚಿನ ಕಾರ್ಖಾನೆಯ ಮುಂದಿನ ಬಯಲಿಗೆ ತಂದು ಸಾಲಾಗಿ ನಿಲ್ಲಿಸುತ್ತಾರೆ. ಮರುದಿನ ಬೆಳಿಗ್ಗೆ ಒಡೆಯರು ತಮ್ಮ ತಮ್ಮ ಕಾರಿನ ಪಕ್ಕದಲ್ಲಿ ನಿಲ್ಲುತ್ತಾರೆ, ಕೀಲಿ ಹಿಡಿದವರು ಸಾಲಿನುದ್ದಕ್ಕೂ ನಡೆಯುತ್ತಾರೆ. ಕೀಲಿಯನ್ನು ಬಾಗಿಲಿಗೆ ಹಿಡಿದರೆ ಸಾಕು, ಋಣವಿದ್ದರೆ ತೆರೆದುಕೊಳ್ಳುತ್ತದೆ. ಕಾರಿನಿಂದಲೇ ಹೊಟ್ಟೆ ಹೊರೆಯುವವರಿಗೆ ಮೊದಲ ಸರದಿ, ಉಳಿದವರಿಗೆ ಆಮೇಲೆ. ಒಡೆಯನಾದವನು ಹೊಸಬನಿಗೆ ಕಾರಿನ ಕುಂದುಗಳನ್ನು ಬಾಯಿಬಿಟ್ಟು ಹೇಳಬೇಕೆಂಬುದು ಸಂಪ್ರದಾಯ. ಬ್ರೇಕು ಸ್ವಲ್ಪ ಸಡಿಲ, ಎಡಗಡೆಯ ಕಿಟಕಿ ಇಳಿದರೆ ಏರದು, ಹೀಗೆ. ಹೆಣ್ಣು ನೋಡಲು ಬಂದವರ ಮುಂದೆ ನಮ್ಮ ಜನ ಇಷ್ಟು ಪ್ರಾಮಾಣಿಕರಾಗಿದ್ದುದನ್ನು ನಾನು ಕಂಡಿಲ್ಲ.

ಖರ್ಚಿನ ಕಟ್ಟಳೆಯೂ ಹಿಂದಿನಿಂದ ಗೊತ್ತಾದದ್ದೇ. ಪೆಟ್ರೋಲು ಓಡಿಸುವವನದು. ವಿಮೆಯ ಕಂತು ಒಡೆಯನದು. ಪೆಟ್ಟು ಬಿದ್ದರೆ ವಿಮೆಯ ಕಂಪನಿ ಕೊಡುವಷ್ಟನ್ನು ಕೊಡುತ್ತದೆ; ಕೊಡದೆ ಉಳಿಸಿದ್ದನ್ನು ಓಡಿಸುತ್ತಿದ್ದವನು ತೆರಬೇಕು. ಕಂಪನಿ ಉಳಿಸುವುದರಲ್ಲಿ ನಿಸ್ಸೀಮ. ಗಾಜಿಗೆ ಪೂರ್ತಿ ಕೊಟ್ಟಂತೆ ಮಾಡಿ, ಪ್ಲಾಸ್ಟಿಕ್ಕು ಹಾಗೂ ರಬ್ಬರಿಗೆ ಸವಕಳಿಯ ಹೆಸರಿನಲ್ಲಿ ಅರ್ಧ ಮುರಿದುಕೊಳ್ಳುತ್ತದೆ. ಈಗಿನ ಕಾರುಗಳಾದರೋ ಮುಂಭಾಗವೆಲ್ಲ ಪ್ಲಾಸ್ಟಿಕ್ಕೇ. ಆ ಅರ್ಧವನ್ನೂ ಕಂಪನಿಯಿಂದಲೇ ಕೊಡಿಸಬೇಕೆಂದರೆ ಕಂತಿನ ಮೇಲೆ ಇನ್ನಷ್ಟು ಸೇರಿಸಿ ಬೇರೆ ರಕ್ಷೆ ಕೊಳ್ಳಬೇಕು. ಸವಕಳಿಗೊಂದು, ಎಂಜಿನ್ನಿಗೆ ನೀರು ಹೊಕ್ಕರೆ ಒಂದು, ನಡುದಾರಿಯಲ್ಲಿ ಕೈಕೊಟ್ಟರೆ ಎಳೆದು ತರಲು ಒಂದು, ಟೈರಿಗೊಂದು, ಕಾರಿನೊಳಗಿನ ಸಾಮಾನಿಗೊಂದು. ಕೊಳ್ಳಲೇಬೇಕೆಂಬ ಕಾನೂನಿಲ್ಲ, ಕೊಳ್ಳದಿದ್ದರೆ ಏನೇನಾದೀತೆಂದು ಹೆದರಿಸುವ ಸ್ವಾತಂತ್ರ್ಯವಿದೆ. ನಮ್ಮ ಊರಿನವರು ಇವನ್ನೆಲ್ಲ ಒಟ್ಟಾಗಿ ಒಗ್ಗರಣೆ ಎನ್ನುತ್ತಾರೆ. ಕೀಲಿ ಕಳೆದರೆ ಹೊಸ ಕೀಲಿ ಕೊಡುವ ಒಗ್ಗರಣೆಯೊಂದು ಬೇರೆ ಊರುಗಳಲ್ಲಿ ಉಂಟಂತೆ. ನಮ್ಮ ಊರಿಗೆ ಅದನ್ನು ಮಾರುವುದಿಲ್ಲ. ಕಂಪನಿಯಲ್ಲೂ ಲೆಕ್ಕ ಬಲ್ಲವರಿದ್ದಾರೆ.

ನಾನೂ ಲೆಕ್ಕ ಬಲ್ಲವನೆಂದು ಊರು ಒಪ್ಪಿಕೊಂಡಿದೆ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರನಾಗಿ ದುಡಿದು ನಿವೃತ್ತನಾದವನು. ಅಂಗಡಿಯವರ ತಕ್ಕಡಿ, ಸೇರು, ಮೀಟರುಕೋಲುಗಳನ್ನು ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಆ ಕಾಲದಲ್ಲಿ ನಾನು ಬೀದಿಯ ಈ ತುದಿಗೆ ಕಾಲಿಟ್ಟರೆ ಆ ತುದಿಯ ಅಂಗಡಿಯಲ್ಲಿ ಸಕ್ಕರೆಯ ತೂಕ ತಾನಾಗಿ ಸರಿಹೋಗುತ್ತಿತ್ತು. ಈಗ ಯಾರೂ ಹೆದರುವುದಿಲ್ಲ, ಸಲಹೆ ಕೇಳುತ್ತಾರೆ. ಸಲಹೆಗೆ ಶುಲ್ಕವಿಲ್ಲವೆಂದು ಗೊತ್ತಾದ ಮೇಲಂತೂ ಗೌರವ ಇಮ್ಮಡಿಸಿದೆ.

ನನ್ನ ತಂಗಿ ಅಂಬುಜ ಊಟದ ಡಬ್ಬಿಗಳನ್ನು ಒದಗಿಸುವ ಕಸುಬಿನವಳು. ಗಂಡ ತೀರಿದ ಮೇಲೆ ಕೈಯಲ್ಲಿದ್ದ ಸೌಟನ್ನೇ ನಂಬಿ ನಿಂತವಳು. ತಾಲೂಕು ಕಚೇರಿ, ಬ್ಯಾಂಕು, ಶಾಲೆಯ ಮೇಷ್ಟರುಗಳು, ಹಲ್ಲಿನ ಡಾಕ್ಟರ್ ಜಯದೇವ, ಜವಳಿ ಅಂಗಡಿಯ ಚೆನ್ನವೀರಪ್ಪ, ಎಲ್ಲರ ಮಧ್ಯಾಹ್ನವೂ ಅವಳ ಕೈಯಲ್ಲಿದೆ. ನಾನೂ ಅವಳ ಗಿರಾಕಿ. ಅಣ್ಣನೆಂದು ನಾನು ರಿಯಾಯಿತಿ ಕೇಳಿದವನಲ್ಲ, ತಂಗಿಯೆಂದು ಅವಳು ಕೊಟ್ಟವಳೂ ಅಲ್ಲ. ಅವಳದೊಂದು ಮುದಿ ಕಾರಿದೆ. ಹಿಂದಿನ ಸೀಟು ಕಿತ್ತು, ಪಾತ್ರೆಗಳು ಉರುಳದಂತೆ ನೆಲಕ್ಕೆ ಕಬ್ಬಿಣದ ಬಳೆಗಳನ್ನು ಬಡಿಸಿದ್ದಾಳೆ. ಆ ಬಳೆಗಳ ಸುಖ ಅವಳಿಗೆ ದಕ್ಕಿದ್ದು ಕಡಿಮೆ. ಪ್ರತಿ ಪಾಡ್ಯದಂದು ಯಾವ ಕಾರು ಸಿಕ್ಕಿತೋ ಅದರಲ್ಲಿ ಸಾಂಬಾರಿನ ಪಾತ್ರೆಗೆ ಗೋಣಿಚೀಲ ಸುತ್ತಿ ಕೂರಿಸಿ, ದೇವರ ಮೇಲೆ ಭಾರ ಹಾಕಿ ಹೊರಡುತ್ತಾಳೆ.

ವಿಮೆಯ ಏಜೆಂಟ್ ಶಕೀಲಾ ಕಂತು ನವೀಕರಿಸುವ ಕಾಲ ಬಂದಿದೆಯೆಂದು ಮನೆ ಮನೆ ಸುತ್ತುತ್ತಿದ್ದ ದಿನಗಳಲ್ಲಿ ಅಂಬುಜ ನನ್ನಲ್ಲಿಗೆ ಬಂದಳು. ಕುಳಿತುಕೊಳ್ಳದೆ ವಿಷಯಕ್ಕೆ ಬಂದಳು.

“ಅಣ್ಣಯ್ಯ, ನನ್ನ ಕಾರಿಗೆ ವಯಸ್ಸಾಯ್ತು, ಕೇಳಿದ್ರೂ ಒಗ್ಗರಣೆ ಕೊಡಲ್ವಂತೆ. ನಿನ್ನ ಕಾರಿಗೆ ಈ ಸಲ ಹಾಕ್ಸು.”

“ನನ್ನ ಕಾರು ನಿನಗೇ ಸಿಗತ್ತೆ ಅಂತ ಯಾರು ಹೇಳಿದ್ರು?”

“ಯಾರಿಗಾದ್ರೂ ಸಿಗತ್ತಲ್ಲ.”

“ಯಾರಿಗೋ ಸಿಗೋದಕ್ಕೆ ನಾನ್ಯಾಕೆ ದುಡ್ಡು ಕಟ್ಟಲಿ?”

“ನೀನು ಹಾಕ್ಸಿದ್ರೆ ನಿನ್ನ ನೋಡಿ ನಾಲ್ಕು ಜನ ಹಾಕ್ಸ್ತಾರೆ. ಊರಲ್ಲಿ ನಿನ್ನ ಮಾತಿಗೆ ಬೆಲೆ ಇದೆ.”

ಆ ಬೆಲೆಯನ್ನು ಖರ್ಚು ಮಾಡುವ ಇರಾದೆ ನನಗಿರಲಿಲ್ಲ. ಅವಳನ್ನು ಕೂರಿಸಿಕೊಂಡು ವಿವರಿಸಿದೆ. ಯಾವ ಕಂಪನಿಯೂ ನಷ್ಟಕ್ಕೆ ರಕ್ಷೆ ಮಾರುವುದಿಲ್ಲ. ಕೊಳ್ಳುವವರೆಲ್ಲ ಕಟ್ಟುವ ಮೊತ್ತದಿಂದ ಕಂಪನಿಯ ಬಾಡಿಗೆ, ಸಂಬಳ, ಕ್ಯಾಲೆಂಡರು, ಏಜೆಂಟಿನ ಕಮಿಷನ್ನು ಕಳೆದು ಉಳಿದದ್ದಷ್ಟೇ ಹಿಂದಕ್ಕೆ ಬರುವುದು. ಆದುದರಿಂದ ಸರಾಸರಿ ತೆಗೆದರೆ ಕೊಳ್ಳುವವನು ಸೋಲುತ್ತಾನೆ. ತಡೆದುಕೊಳ್ಳಲಾರದ ನಷ್ಟಕ್ಕೆ ಮಾತ್ರ ಈ ಸೋಲನ್ನು ಕೊಂಡುಕೊಳ್ಳಬೇಕು. ಬಂಪರ್ ಒಡೆದರೆ ನಾನು ತಡೆದುಕೊಳ್ಳಬಲ್ಲೆ. ಅದೂ ಬೇರೆ ಊರಿನ ಲೆಕ್ಕ. ನಮ್ಮಲ್ಲಾದರೋ ಒಗ್ಗರಣೆ ಕೊಂಡವನು ಅದರ ವಾಸನೆಯನ್ನೂ ನೋಡುವುದಿಲ್ಲ. ನನ್ನ ಕಾರು ವರ್ಷವಿಡೀ ಬೇರೆಯವರ ಕೈಯಲ್ಲಿರುತ್ತದೆ, ಉಳಿಯುವ ಹಣವೂ ಅವರದೇ. ಇದು ದಾನದ ಮೇಲೊಂದು ದಕ್ಷಿಣೆ.

ಅಂಬುಜ ಎಲ್ಲವನ್ನೂ ಕೇಳಿ, ನೀನು ತಡೆದುಕೊಳ್ಳುತ್ತೀ, ನಾನು ತಡೆದುಕೊಳ್ಳುತ್ತೇನೆಯೇ ಎಂದು ಕೇಳಿದಳು. ಜಾಗರೂಕತೆಯಿಂದ ಓಡಿಸು ಎಂದೆ. ಜಾಗರೂಕತೆಗೆ ಕಂತಿಲ್ಲವೆಂಬ ಮಾತನ್ನೂ ಸೇರಿಸಿದೆ. ಆಗ ಅದು ಚೆನ್ನಾಗಿದೆ ಎಂದೇ ನನಗೆ ತೋರಿತು.

ಇಷ್ಟಕ್ಕೇ ನಿಂತಿದ್ದರೆ ವಿಷಯ ಮನೆಯೊಳಗೇ ಮುಗಿಯುತ್ತಿತ್ತು. ಆದರೆ ಸರಿಯಾದ ಲೆಕ್ಕವನ್ನು ಒಬ್ಬರಿಗೆ ಮಾತ್ರ ಹೇಳಿ ಸುಮ್ಮನಿರುವುದು ಲೆಕ್ಕ ಬಲ್ಲವನಿಗೆ ಬಹಳ ಕಷ್ಟ. ಒಗ್ಗರಣೆ ದಂಡವೆಂದು ವಾಚನಾಲಯದಲ್ಲಿ ಪತ್ರಿಕೆ ಓದಲು ಬಂದವರಿಗೆ ಹೇಳಿದೆ. ಕ್ಷೌರದ ಅಂಗಡಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಹೇಳಿದೆ. ಇಡೀ ಬದುಕಿನಲ್ಲಿ ನನ್ನ ಮಾತನ್ನು ಊರು ಇಷ್ಟು ಬೇಗ ಅರ್ಥ ಮಾಡಿಕೊಂಡದ್ದಿಲ್ಲ. ದುಡ್ಡು ಕೊಡಬೇಡಿ ಎಂಬ ತತ್ವವನ್ನು ಜನ ಎರಡನೆಯ ಸಲ ವಿವರಿಸಲು ಬಿಡುವುದಿಲ್ಲ. ಶಕೀಲಾ ಹೋದಲ್ಲೆಲ್ಲ ರಾಯರೇ ಬೇಡವೆಂದಿದ್ದಾರೆ ಎಂಬ ಉತ್ತರ ಸಿಕ್ಕಿತು. ಊರಿನಲ್ಲಿ ಎಲ್ಲಕ್ಕಿಂತ ದುಬಾರಿಯ ಕಾರು ಚೆನ್ನವೀರಪ್ಪನದು. ಎಲ್ಲ ಬಗೆಯ ಒಗ್ಗರಣೆಯನ್ನೂ ಪ್ರತಿವರ್ಷ ತಪ್ಪದೆ ಹಾಕಿಸುತ್ತಿದ್ದ ಅವನೂ ಬಿಟ್ಟ. ಬಯಲಿನಲ್ಲಿ ಸಿಕ್ಕಾಗ ನನ್ನ ಕೈ ಹಿಡಿದು ಕುಲುಕಿ, ಇಷ್ಟು ವರ್ಷ ಕತ್ತಲೆಯಲ್ಲಿದ್ದೆ ರಾಯರೇ ಎಂದ. ಹಿಂದೊಮ್ಮೆ ಅವನ ಮೀಟರುಕೋಲು ಮೀಟರಿಗಿಂತ ಗಿಡ್ಡವಾಗಿರುವುದನ್ನು ನಾನು ತೋರಿಸಿಕೊಟ್ಟಾಗ ಅವನಿಗೆ ಇಷ್ಟು ಬೆಳಕು ಕಂಡಿರಲಿಲ್ಲ.

ಶಕೀಲಾ ಕೊನೆಗೆ ನನ್ನ ಮನೆಗೂ ಬಂದಳು. ಜಗಳಕ್ಕೆ ಬಂದಿರಬಹುದೆಂದುಕೊಂಡೆ. ಅವಳು ನೀರು ಕೇಳಿ ಕುಡಿದಳು. “ಸಾರ್, ನಮ್ಮ ಕಂಪನಿಯವ್ರು ಇಷ್ಟು ವರ್ಷದಿಂದ ಜಾಹೀರಾತು ಕೊಡ್ತಿದಾರೆ, ಯಾರೂ ಓದಲ್ಲ. ನೀವು ಗಡ್ಡ ಮಾಡಿಸ್ಕೊಳ್ತಾ ಒಂದ್ಸಲ ಹೇಳಿದ್ದು ಇಡೀ ಊರಿಗೆ ಬಾಯಿಪಾಠ. ನಮ್ಮ ಕಡೆ ಕೆಲಸಕ್ಕೆ ಸೇರ್ಕೊಂಡ್ಬಿಡಿ,” ಎಂದಳು. ಆಮೇಲೆ ಒಗ್ಗರಣೆಯಿಲ್ಲದ ಬರಿಯ ವಿಮೆಯ ಕಂತನ್ನು ಮಾತ್ರ ಪಡೆದು ಹೊರಟುಹೋದಳು.

ಮುಂದಿನ ಪಾಡ್ಯದಂದು ಅಂಬುಜಳ ಕೀಲಿ ಚೆನ್ನವೀರಪ್ಪನ ಕಾರನ್ನು ತೆರೆಯಿತು.

ಬಯಲಿನಲ್ಲಿದ್ದ ಹೆಂಗಸರು ಅವಳ ಅದೃಷ್ಟವನ್ನು ಹೊಗಳಿದರು. ಅದು ಬೆಣ್ಣೆಯ ಬಣ್ಣದ, ಒಳಗೆ ಕನ್ನಡಿಯಂತಹ ಪರದೆಯಿದ್ದ, ತಾನೇ ಗೇರು ಬದಲಿಸಿಕೊಳ್ಳುವ ಕಾರು. ಕುಂದುಗಳನ್ನು ಹೇಳುವ ಸಂಪ್ರದಾಯದಂತೆ ಚೆನ್ನವೀರಪ್ಪ ಮುಂದೆ ಬಂದು, ಇದರಲ್ಲಿ ಕುಂದೇ ಇಲ್ಲವಮ್ಮಾ ಎಂದ. ಅಂಬುಜ ನನ್ನ ಕಡೆ ನೋಡಿದಳು. ಸಾಂಬಾರಿನ ಪಾತ್ರೆಯನ್ನು ಎರಡು ಗೋಣಿಚೀಲ ಸುತ್ತಿ ಮುಂದಿನ ಸೀಟಿನ ಮೇಲೆ ಕೂರಿಸಿ, ಮದುವೆಯ ಹೆಣ್ಣಿಗೆ ಸೆರಗು ಸರಿಮಾಡುವಂತೆ ಅದಕ್ಕೆ ಬೆಲ್ಟು ಬಿಗಿದಳು.

ಪಾಡ್ಯದ ವಾರದಲ್ಲಿ ನಮ್ಮ ಊರಿನವರು ಇರುವೆಗಳಂತೆ ಓಡಿಸುತ್ತಾರೆ. ಯಾರೂ ಹಾರನ್ ಮಾಡುವುದಿಲ್ಲ, ಯಾರೂ ಬೈಯುವುದಿಲ್ಲ. ಎಲ್ಲರ ಕೈಕಾಲುಗಳಲ್ಲೂ ಹಿಂದಿನ ತಿಂಗಳ ಕಾರು ಇನ್ನೂ ಕುಳಿತಿರುತ್ತದೆ. ಇಂಡಿಕೇಟರು ಹಾಕಲು ಹೋದವನು ವೈಪರು ಹಾಕುತ್ತಾನೆ. ಮಳೆಯಿಲ್ಲದ ದಿನ ವೈಪರು ಆಡಿಸುತ್ತ ಬಂದವನು ಬಲಕ್ಕೆ ತಿರುಗುತ್ತಾನೆಂದು ಎದುರಿನವರು ತಿಳಿದುಕೊಂಡು ನಿಲ್ಲುತ್ತಾರೆ. ಅಂಬುಜ ಅಂದು ಎಲ್ಲರಿಗಿಂತ ನಿಧಾನವಾಗಿ ಹೋದಳೆಂದು ನೋಡಿದವರು ಹೇಳುತ್ತಾರೆ. ಅಂಚೆ ಕಚೇರಿಯ ತಿರುವಿನಲ್ಲಿ ವೇಗ ತಗ್ಗಿಸಬೇಕಾಯಿತು. ಅವಳ ಎಡಗಾಲು ಅಭ್ಯಾಸದಂತೆ ಕ್ಲಚ್ಚನ್ನು ಒತ್ತಿತು. ಆ ಕಾರಿನಲ್ಲಿ ಕ್ಲಚ್ಚಿಲ್ಲ. ಇದ್ದದ್ದು ಅಗಲವಾದ ಬ್ರೇಕು. ಕಾರು ಗಕ್ಕನೆ ನಿಂತಿತು, ಸಾಂಬಾರು ನಿಲ್ಲಲಿಲ್ಲ. ಬೆಲ್ಟು ಪಾತ್ರೆಯನ್ನು ಹಿಡಿಯಿತು, ಮುಚ್ಚಳವನ್ನು ಹಿಡಿಯಲಿಲ್ಲ. ಮೊಣಕೈಗೆ ಬಿಸಿ ಬಿದ್ದು ಅವಳು ಕಾಲು ತೆಗೆದಳು. ಬ್ರೇಕಿನ ಮೇಲೆ ಕಾಲಿಲ್ಲದಿದ್ದರೆ ತಾನಾಗಿ ಮುಂದಕ್ಕೆ ತೆವಳುವುದು ಅಂತಹ ಕಾರುಗಳ ಜಾಣತನ. ಅದು ತೆವಳಿ, ಅಂಚೆ ಕಚೇರಿಯ ಕಲ್ಲುಗಂಬಕ್ಕೆ ಮುಖ ಒತ್ತಿತು.

ಮೊಣಕೈಯ ಗುಳ್ಳೆ ಬೇಗ ಮಾಯಿತು. ಕಾರಿನದು ಹಾಗಲ್ಲ. ಬಂಪರ್, ದೀಪ, ದೀಪದ ಹಿಂದಿನ ಏನೇನೋ ಕಣ್ಣುಗಳು, ಸಾಂಬಾರು ಇಳಿದ ಪರದೆ. ಕಂಪನಿಯ ಸರ್ವೆಯರ್ ಬಂದು ಪರದೆಯನ್ನು ಮೂಸಿ ನೋಡಿದ. ಸಾಂಬಾರಿನಿಂದಾದ ನಷ್ಟವನ್ನು ಅಪಘಾತವೆನ್ನಬೇಕೋ ಅಡುಗೆಯೆನ್ನಬೇಕೋ ಎಂದು ಮೇಲಿನವರನ್ನು ಫೋನಿನಲ್ಲಿ ಕೇಳಿದ. ಕೊನೆಗೆ ಅಪಘಾತವೆಂದು ಒಪ್ಪಿ, ಪ್ಲಾಸ್ಟಿಕ್ಕಿಗೆ ಅರ್ಧ ಮುರಿದು, ನಟ್ಟುಬೋಲ್ಟು ಎಣ್ಣೆಗಳನ್ನು ಪೂರ್ತಿ ಮುರಿದು, ಉಳಿದದ್ದಕ್ಕೆ ಸಹಿ ಹಾಕಿದ. ಮುರಿದದ್ದೆಲ್ಲ ಅಂಬುಜಳ ಪಾಲಿಗೆ ಬಂತು. ಅದರ ಮೇಲೆ ಚೆನ್ನವೀರಪ್ಪ, ಕ್ಲೇಮ್ ಮಾಡಿದ್ದರಿಂದ ಬರುವ ವರ್ಷ ತನಗೆ ಸಿಗದೆ ಹೋಗುವ ಬೋನಸ್ಸನ್ನೂ ಸೇರಿಸಿದ. ಒಟ್ಟು ಮೊತ್ತ ನನ್ನಂಥವನು ಮುಖ ಸಿಂಡರಿಸಿ ಕೊಡಬಹುದಾದದ್ದು. ಅಂಬುಜ ಕೊಟ್ಟರೆ ಮರುದಿನ ಅಕ್ಕಿ ತರಲು ಏನೂ ಉಳಿಯದು.

ನಾನು ಜವಳಿ ಅಂಗಡಿಗೆ ಹೋದೆ. ಕೊಳ್ಳಲು ಬಂದೆನೆಂದು ತಿಳಿದು ಪಂಚೆಗಳನ್ನು ಹರಡಿದರು. ಚೆನ್ನವೀರಪ್ಪನಿಗೆ ನ್ಯಾಯವನ್ನು ಬಿಡಿಸಿ ಹೇಳಿದೆ. ಒಗ್ಗರಣೆ ಇದ್ದಿದ್ದರೆ ಈ ಹೊರೆ ಯಾರ ಮೇಲೂ ಬೀಳುತ್ತಿರಲಿಲ್ಲ, ಆದುದರಿಂದ ಅದನ್ನು ಬಿಟ್ಟವನು ಒಂದು ಪಾಲನ್ನಾದರೂ ಹೊರಬೇಕು ಎಂದೆ. ಅವನು ಪಂಚೆಗಳನ್ನು ಮಡಿಸುತ್ತ ಕೇಳಿಸಿಕೊಂಡ.

“ನೀವೇ ದಂಡ ಅಂದ್ರಿ ರಾಯರೇ. ನಾನು ಬಿಟ್ಟೆ.”

“ನಾನು ದಂಡ ಅಂದದ್ದು ಕಾರಿನ ಒಡೆಯನಿಗೆ ದಂಡ ಅಂತ.”

“ಅದೇ. ಒಡೆಯ ನಾನು, ಅದಕ್ಕೇ ಬಿಟ್ಟೆ. ಅಂಬುಜಮ್ಮನಿಗೆ ಅದು ದಂಡ ಅಲ್ಲ ಅನ್ನೋದನ್ನ ಆವತ್ತು ನೀವು ಹೇಳಲಿಲ್ವಲ್ಲ.”

ಲೆಕ್ಕದಲ್ಲಿ ಹುಳುಕು ಹುಡುಕುವುದೇ ಬದುಕಾಗಿದ್ದ ನಾನು ಆ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮೀಟರುಕೋಲಿನಲ್ಲಿದ್ದ ಹುಳುಕು ಅದರಲ್ಲಿರಲಿಲ್ಲ. ಒಂದು ಟವೆಲ್ ಕೊಂಡು ಹೊರಬಂದೆ. ಬೇಕಾಗಿರಲಿಲ್ಲ.

ಅಲ್ಲಿಂದ ನೇರ ಅಂಬುಜಳ ಮನೆಗೆ ಹೋಗಿ, ಆ ಮೊತ್ತವನ್ನು ನಾನು ಕೊಡುತ್ತೇನೆಂದೆ. ಈ ಮಾತು ನನ್ನ ಬಾಯಿಂದ ಸುಲಭವಾಗಿ ಬಂದದ್ದಲ್ಲ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ತಲೆಯೆತ್ತದೆ, ಚೆನ್ನವೀರಪ್ಪನ ಜೊತೆ ತಾನೇ ಮಾತಾಡಿ ಮುಗಿಸಿದ್ದೇನೆಂದಳು. ಅವನ ಅಂಗಡಿಯ ಆಳುಗಳಿಗೆಲ್ಲ ಬರುವ ದೀಪಾವಳಿಯವರೆಗೆ ಪುಕ್ಕಟೆ ಊಟ. ಬೆಳಿಗ್ಗೆ ಏಳುವ ಹೊತ್ತನ್ನು ಇನ್ನಷ್ಟು ಹಿಂದಕ್ಕೆ ತಳ್ಳಿಕೊಂಡರೆ ಅಷ್ಟನ್ನೂ ಮಾಡಬಹುದಂತೆ.

“ಸಾಲ ಅಲ್ಲ, ಹಾಗೇ ಇಟ್ಕೋ,” ಎಂದೆ.

“ಬೇಡ ಅಣ್ಣಯ್ಯ. ನಿನ್ನ ದುಡ್ಡು ಈ ಸಲದ್ದನ್ನ ತೀರಿಸತ್ತೆ. ಮುಂದಿನ ಸಲ? ಇನ್ನೊಂದು ಪೆಟ್ಟು ತಡಿಯೋಕೆ ನನ್ನ ಕೈಲಾಗಲ್ಲ. ಬರೋ ಪಾಡ್ಯದಿಂದ ಒಗ್ಗರಣೆ ಇಲ್ಲದ ಕಾರಲ್ಲಿ ನಾನು ಕೂರಲ್ಲ. ಒಲೆ ಆರಿಸ್ತೀನಿ, ಅಷ್ಟೇ. ಊರಲ್ಲೆಲ್ಲ ಹೇಳಿದೀನಿ.”

ತಡೆದುಕೊಳ್ಳಲಾರದ ನಷ್ಟ ಎಂಬ ನನ್ನ ಮಾತನ್ನು ಅವಳು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದಳು. ಬೆದರಿಕೆಯ ದನಿ ಅದರಲ್ಲಿರಲಿಲ್ಲ. ಬೆದರಿಸುವವರು ಹುರುಳಿಕಾಯಿಯ ನಾರು ಅಷ್ಟು ಶ್ರದ್ಧೆಯಿಂದ ತೆಗೆಯುವುದಿಲ್ಲ.

ಊರು ಕಳವಳಗೊಂಡಿತು. ತಾಲೂಕು ಕಚೇರಿಯಲ್ಲಿ ಬೇರೆ ಯಾವ ಕಾರಣಕ್ಕೂ ಕಾಣದ ಚುರುಕು ಕಂಡಿತು. ಗುಮಾಸ್ತರು ಗುಂಪುಗೂಡಿ ಚರ್ಚಿಸಿದರು. ಅಂಬುಜಮ್ಮನ ಊಟ ನಿಲ್ಲಬಾರದು, ಎಲ್ಲರೂ ತಮ್ಮ ಕಾರುಗಳಿಗೆ ಒಗ್ಗರಣೆ ಹಾಕಿಸಬೇಕು ಎಂದು ಎಲ್ಲರೂ ಎಲ್ಲರಿಗೂ ಹೇಳಿದರು. ವಾಚನಾಲಯದಲ್ಲಿ ಡಾಕ್ಟರ್ ಜಯದೇವ ಸಹಬಾಳ್ವೆಯನ್ನು ಕುರಿತು ಉಪನ್ಯಾಸವನ್ನೇ ಕೊಟ್ಟರು. ನಾನು ಒಂದು ಮೂಲೆಯಲ್ಲಿ ಕುಳಿತು ಅವರೆಲ್ಲರ ಮನಸ್ಸಿನೊಳಗಿನ ಲೆಕ್ಕವನ್ನು ಕೂಡುತ್ತಿದ್ದೆ. ಬಯಲಿನ ತುಂಬ ಕಾರುಗಳಿವೆ. ಅಂಬುಜಮ್ಮನ ಕೀಲಿ ನನ್ನದನ್ನೇ ತೆರೆಯುವ ಸಂಭವ ಎಷ್ಟು? ತೀರ ಅತ್ಯಲ್ಪ. ಉಳಿದವರು ಹೇಗೂ ಹಾಕಿಸುತ್ತಾರೆ. ನಾನೊಬ್ಬ ಹಾಕಿಸದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಈ ಲೆಕ್ಕದಲ್ಲಿ ತಪ್ಪಿಲ್ಲ. ನಾನೇ ಕಲಿಸಿದ್ದು.

ಪಾಡ್ಯ ಹತ್ತಿರವಾದಾಗ ಶಕೀಲಾಳ ಕಚೇರಿಗೆ ಹೋದೆ. ಫ್ಯಾನಿನ ಕೆಳಗೆ ಅವಳೊಬ್ಬಳೇ ಕುಳಿತಿದ್ದಳು. ನನ್ನನ್ನು ಕಂಡು, ಇದ್ದ ಒಗ್ಗರಣೆಗಳನ್ನೆಲ್ಲ ವಿವರಿಸಲು ಶುರುಮಾಡಿದಳು. ಟೈರು ಬೇಡ, ಸಾಮಾನು ಬೇಡ, ನಮ್ಮ ಊರಿನಲ್ಲಿ ನೀರು ನಿಲ್ಲುವ ಬೀದಿಯಿಲ್ಲವಾದ್ದರಿಂದ ಎಂಜಿನ್ನಿನದೂ ಬೇಡ, ಸವಕಳಿಯದೊಂದೇ ಸಾಕೆಂದೆ. ದಾನಕ್ಕೂ ಒಂದು ಮಿತಿ ಬೇಕು. ಕಾರನ್ನು ನೋಡಿ ಫೋಟೊ ತೆಗೆದುಕೊಳ್ಳಲು ಅವಳೇ ಬಂದಳು. ಇನ್ನು ಯಾರು ಯಾರು ಹಾಕಿಸಿದರೆಂದು ನಾನು ಕೇಳಲಿಲ್ಲ. ಖಾಲಿ ಕುರ್ಚಿಗಳು ಹೇಳಿದ್ದವು.

ಆ ಬೆಳಿಗ್ಗೆಯನ್ನು ನಾನು ಮರೆಯುವಂತಿಲ್ಲ. ಅಂಬುಜ ಡಬ್ಬಿಗಳನ್ನೂ ಪಾತ್ರೆಗಳನ್ನೂ ಕೈಗಾಡಿಯಲ್ಲಿ ತಂದು ಬಯಲಿನ ಅಂಚಿಗೆ ನಿಲ್ಲಿಸಿ, ಕೀಲಿ ಹಿಡಿದು ಸಾಲಿನ ಮೊದಲಿನಿಂದ ಹೊರಟಳು. ಕಾರಿನ ಪಕ್ಕದಲ್ಲಿ ನಿಂತ ಒಡೆಯರ ಮುಖಗಳನ್ನು ನೋಡಬೇಕಿತ್ತು. ಪ್ರತಿಸಲ ತಮ್ಮ ಕಾರು ಒಳ್ಳೆಯ ಕೈ ಸೇರಲೆಂದು ಹಾರೈಸುವವರು, ಊರಿನ ಅತ್ಯಂತ ಒಳ್ಳೆಯ ಕೈ ಹತ್ತಿರ ಬಂದಂತೆ ಉಸಿರು ಬಿಗಿಹಿಡಿದರು. ಬ್ಯಾಂಕಿನ ಮ್ಯಾನೇಜರು ಆಕಾಶ ನೋಡಿದರು. ಹೆಡ್‌ಮಾಸ್ಟರು ಕಣ್ಣು ಮುಚ್ಚಿ ಏನನ್ನೋ ಜಪಿಸಿದರು. ಕೀಲಿ ತಾಗಿ ಬಾಗಿಲು ತೆರೆಯದಿದ್ದಾಗ ಅವರ ಮುಖದ ಮೇಲೆ ಮೂಡಿದ ಶಾಂತಿಯನ್ನು ನಾನು ಮಠಗಳಲ್ಲೂ ಕಂಡಿಲ್ಲ. ಚೆನ್ನವೀರಪ್ಪ ತನ್ನ ರಿಪೇರಿಯಾದ ಕಾರನ್ನು ಬೆನ್ನಿನಿಂದ ಮುಚ್ಚಿಕೊಂಡು ನಿಂತಿದ್ದ. ತೆರೆಯದಿದ್ದಾಗ ಅಂಬುಜಳಿಗೆ ಕೈ ಮುಗಿದ.

ಅವಳು ನನ್ನ ಬಳಿ ಬಂದಳು. ಬಯಲಿನಲ್ಲಿ ಈ ಒಂದು ಬಾಗಿಲು ತೆರೆದರೆ ಸಾಕೆಂದು ಹಾರೈಸುತ್ತಿದ್ದವನು ನಾನೊಬ್ಬನೇ ಇದ್ದಿರಬೇಕು. ಸಂಭವ ಎಷ್ಟೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾರೈಸಿದೆ. ಬಾಗಿಲು ಕದಲಲಿಲ್ಲ. ಅವಳು ಮುಂದಕ್ಕೆ ಹೋದಳು.

ಮೂರು ಕಾರು ಆಚೆ ಡಾಕ್ಟರ್ ಜಯದೇವರ ಬಿಳಿಯ ಕಾರು ತೆರೆದುಕೊಂಡಿತು. ಉಳಿದವರೆಲ್ಲ ಒಟ್ಟಿಗೆ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಡಾಕ್ಟರು ಬ್ರೇಕು ಚೆನ್ನಾಗಿದೆ, ಹಾರನ್ ಸ್ವಲ್ಪ ಮೆಲ್ಲಗೆ ಎಂದು ಶುರುಮಾಡಿದರು. ಅಂಬುಜ ಬಾಗಿಲನ್ನು ಹಿಡಿದುಕೊಂಡೇ ನಿಂತು, ಒಗ್ಗರಣೆ ಇದೆಯೇ ಎಂದಷ್ಟೇ ಕೇಳಿದಳು. ಜನರ ಹಲ್ಲುಗಳೊಳಗಿನ ಹುಳುಕನ್ನು ದೀಪ ಹಿಡಿದು ತೋರಿಸುವವರು ತಮ್ಮ ಬಾಯಿಗೆ ಕರವಸ್ತ್ರ ಹಿಡಿದರು.

“ಹಾಕ್ಸಬೇಕು ಅಂತಾನೇ ಇದ್ದೆ ಅಂಬುಜಮ್ಮ. ಮುಂದಿನ ವಾರ ಖಂಡಿತ.”

“ಪರವಾಗಿಲ್ಲ ಡಾಕ್ಟ್ರೇ. ಊಟಾನೂ ಮುಂದಿನ ವಾರ ಮಾಡಿ.”

ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಕೋಪದಿಂದ ಬಡಿದಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಕೈಗಾಡಿಯ ಬಳಿಗೆ ಹೋಗಿ, ಬಿಸಿಯಾಗಿದ್ದ ಪಾತ್ರೆಗಳ ಮೇಲೆ ಚೀಲ ಎಳೆದು, ಬಂದ ದಾರಿಯಲ್ಲೇ ತಳ್ಳಿಕೊಂಡು ಹೊರಟಳು. ಬಯಲಿನಲ್ಲಿದ್ದವರೆಲ್ಲ ಆ ಗಾಡಿಯ ಹಿಂದೆ ಹೊರಟ ಒಗ್ಗರಣೆಯ ವಾಸನೆಯನ್ನು ಮೂಗಿನಿಂದ ಹಿಂಬಾಲಿಸಿದರು. ಇದು ನಿಜವಾದ ಒಗ್ಗರಣೆ, ಸಾಸಿವೆ ಇಂಗಿನದು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ನಿಮ್ಮದಕ್ಕೆ ಇತ್ತೇ, ನಿಮ್ಮದಕ್ಕೆ ಇತ್ತೇ ಎಂಬ ಪ್ರಶ್ನೆ ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ಉತ್ತರವಿಲ್ಲದೆ ಹಿಂದಿರುಗಿತು.

ಉಳಿದವರ ಸರದಿ ಬಂದಾಗ ನನ್ನ ಕಾರನ್ನು ತೆರೆದದ್ದು ಚೆನ್ನವೀರಪ್ಪನ ಕೀಲಿ. ಇದನ್ನು ನಾನು ಕಲ್ಪಿಸಿ ಹೇಳುತ್ತಿಲ್ಲ. ಕಲ್ಪಿಸುವುದಾದರೆ ಇನ್ನಷ್ಟು ಮರ್ಯಾದೆಯುಳ್ಳವರನ್ನು ಆರಿಸುತ್ತಿದ್ದೆ. ಅವನು ಸೀಟಿನ ಮೇಲೆ ಕುಳಿತು ಒಮ್ಮೆ ಕುಪ್ಪಳಿಸಿ, ಇದಕ್ಕೆ ಒಗ್ಗರಣೆ ಏನಾದರೂ ಉಂಟೇ ಎಂದು ತಮಾಷೆಗೆ ಕೇಳಿದ. ಕುಂದುಗಳನ್ನು ಮುಚ್ಚಿಡಬಾರದೆಂಬ ಸಂಪ್ರದಾಯವಿದೆ. ಉಂಟು ಎಂದೆ. ಅವನಿಗೆ ನಗು ತಡೆಯಲಾಗಲಿಲ್ಲ. “ನೀವಾ ರಾಯರೇ? ದಂಡ ಅಲ್ವಾ?” ಎಂದ. ದಂಡವೇ, ನಿಶ್ಚಿಂತೆಯಿಂದ ಓಡಿಸಿ ಎಂದೆ. ಅವನು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ. ಬಯಲಿನಿಂದ ಹೊರಬೀಳುವಾಗಲೇ ಗೇಟಿನ ಕಂಬಕ್ಕೆ ಹಿಂದಿನ ಬಂಪರನ್ನು ಸವರಿಕೊಂಡು ಹೋದ.

ಮಧ್ಯಾಹ್ನ ಅಂಬುಜಳ ಮನೆಗೆ ನಡೆದುಕೊಂಡು ಹೋದೆ. ದಾರಿಯಲ್ಲಿ ಬ್ಯಾಂಕಿನವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದುದನ್ನು ಕಂಡೆ. ತಾಲೂಕು ಕಚೇರಿಯ ಮುಂದಿನ ಕಡಲೆಕಾಯಿಯವನ ಬುಟ್ಟಿ ಬರಿದಾಗಿತ್ತು. ಶಕೀಲಾಳ ಕಚೇರಿಯ ಬಾಗಿಲಿನಿಂದ ಒಂದು ಸಾಲು ಹೊರಟು ಸೈಕಲ್ ಅಂಗಡಿಯ ಬಳಿ ತಿರುಗಿಕೊಂಡಿತ್ತು. ಊರಿನ ಗಣ್ಯರೆಲ್ಲ ಅದರಲ್ಲಿದ್ದರು, ಒಬ್ಬರ ಮುಖವನ್ನೊಬ್ಬರು ನೋಡದಂತೆ. ತತ್ವಕ್ಕೆ ಬಾಗದ ಲೆಕ್ಕ ಹಸಿವಿಗೆ ಬಾಗುತ್ತದೆಂಬುದು ನನಗೆ ಹೊಸ ವಿಷಯವಲ್ಲ. ಬೆಳಗಿನಿಂದ ಮಧ್ಯಾಹ್ನದೊಳಗೆ ಬಾಗುತ್ತದೆಂಬುದು ಹೊಸದು.

ಅಂಬುಜ ಎಲೆ ಹಾಕಿ ಬಡಿಸಿದಳು. ಒಂದು ಊರಿಗಾಗುವಷ್ಟು ಅಡುಗೆ ಗೋಡೆಯುದ್ದಕ್ಕೂ ಸಾಲಾಗಿ ಕುಳಿತಿತ್ತು, ತಿನ್ನುವವನು ನಾನೊಬ್ಬ. ಅವಳ ಕೈ ಎಂದಿನಂತೆ ಆಡುತ್ತಿತ್ತು. ಮುಖ ಮಾತ್ರ ರಾತ್ರಿಯಿಡೀ ನಿದ್ದೆಯಿಲ್ಲದವರದು. ಯಾರೂ ಬರದಿದ್ದರೆ ಇವಿಷ್ಟನ್ನೂ ಏನು ಮಾಡುತ್ತೀ ಎಂದು ಕೇಳಬೇಕೆಂದುಕೊಂಡು ಕೇಳದೆ ಬಿಟ್ಟೆ. ಸಾರಿನ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ ಅವಳೇ ಮಾತೆತ್ತಿದಳು.

“ನೀನು ಹಾಕ್ಸಿದ್ದೆ ಅಂತ ಶಕೀಲಾ ಹೇಳಿದ್ಲು. ಲೆಕ್ಕ ಸರಿಹೋಯ್ತಾ?”

“ಇಲ್ಲ.”

“ಮತ್ತೆ ಯಾಕೆ?”

ನಾನು ಅನ್ನ ಕಲಸಿದೆ. ಅವಳು ಇನ್ನೊಂದು ಸೌಟು ಸಾರು ಹಾಕಿದಳು.

ಹೊರಗೆ ಕಾರೊಂದು ಬಂದು ನಿಂತಿತು. ಡಾಕ್ಟರ ಕೀಲಿಗೆ ಆ ಬೆಳಿಗ್ಗೆ ಸಿಕ್ಕ ಕಾರು; ಅವರ ಬಿಳಿಯದು ಬಯಲಿನಲ್ಲೇ ಅಂಬುಜಳ ಕೀಲಿಗೆ ಕಾಯುತ್ತಿತ್ತು. ಅಂಬುಜಮ್ಮಾ, ಹಾಕ್ಸಿಬಿಟ್ಟೆ, ಬೇಕಾದ್ರೆ ನೋಡಿ ಎಂದು ಡಾಕ್ಟರು ಗೇಟಿನ ಆಚೆಯಿಂದ ಕೂಗಿದರು. ನಾನು ಎಲೆಯ ಮುಂದಿನಿಂದ ಏಳಹೋದೆ.

“ಕೂತ್ಕೋ ಅಣ್ಣಯ್ಯ,” ಎಂದಳು ಅಂಬುಜ, ಕೀಲಿಯನ್ನು ಸೆರಗಿನ ತುದಿಯಿಂದ ಬಿಚ್ಚುತ್ತ. “ಮಜ್ಜಿಗೆ ಇನ್ನೂ ಬಡಿಸಿಲ್ಲ. ಅವರು ಕಾಯ್ಲಿ.”